ಮಸ್ಕಿ ಟೆಂಟಿನಾಗ ಬದುಕಿದ ಗೌರಿ

ಆಗಿನ ಸಿಂಧನೂರಿನ ಹುಡುಗರಿಗೆ ಸಿನಿಮಾ ಅಂದ್ರ ಹುಚ್ಚು. ಎಂಥಾ ಹುಚ್ಚು ಅಂತೀರಿ! ಟೆಂಟು ಇನ್ನೂ ಲಿಂಗಸುಗೂರಿನಾಗ ಇರೂವಾಗನ ಇಲ್ಲಿ ಇವರಿಗೆ ನಿದ್ದಿ ಹತ್ತತಿರಲಿಲ್ಲ. ಅಲ್ಲಿ ಆಟ ಮುಗಿಸಿ ಟೆಂಟು ಮಸ್ಕಿಗೆ ಬರಬೇಕು, ಮಸ್ಕಿಯಾಗ ಒಂದಿಷ್ಟು ದಿನ ನಿಲ್ಲಬೇಕು, ಆಮ್ಯಾಲ ಸಿಂಧನೂರು. ನಿಜಾಮನ ರಾಜ್ಯ ಹೋಗಿ ಆರೇಳು ವರ್ಷ ಆಗಿತ್ತು. ಕಾಲುವಿ ನೀರು ಇವತ್ತು ಬರ್ತೈತಿ ನಾಳೆ ಬರ್ತೈತಿ ಅಂತ ದೊಡ್ಡೋರು ದಾರಿ ಕಾಯ್ತಿದ್ರು. ಹುಡುಗರಿಗೆ ಕಾಲುವಿ ಯಾರಿಗೆ ಬೇಕಾಗಿತ್ತು? ಅವರು ಟೆಂಟಿನ ದಾರಿ ಕಾಯ್ತಿದ್ರು.

ಈ ಹುಚ್ಚನ್ನ ಪುಸ್ತಕದ ಕಡೆ ತಿರುಗಿಸಿದವ ಅಡತಿ ಅಂಗಡಿ ಅಮರಗುಂಡಪ್ಪ. ಹತ್ತಿ ಗಂಟು ಇಡೂ ಮುಂದಿನ ಖೋಲಿ ಖಾಲಿ ಮಾಡಿಸಿ, ಎರಡು ಬೆಂಚು, ಒಂದು ಕಪಾಟು ಇಟ್ಟು ವಾಚನಾಲಯ ಮಾಡಿದ್ದ. ಮನಸು ಬೆಣ್ಣಿ, ಬಾಯಿ ಮಾತ್ರ ಒಣಮೆಣಸಿನಕಾಯಿ. ತಾನ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ, ಮುಂದ ಯಾವ್ಯಾವ ಸಿನಿಮಾ ಬರ್ತಾವು ಅಂತ ಟೆಂಟಿನ ಮಾಲಕನ್ನ ಕೇಳ್ಕೊಂಡು ಬರ್ತಿದ್ದ. ಬಂದವನ ಕರೀಹಲಗಿ ಮ್ಯಾಲ ಒಂದು ಕಡೆ ‘ಬರೂ ಸಿನಿಮಾ’, ಇನ್ನೊಂದು ಕಡೆ ‘ಅದಕ್ಕಿಂತ ಮೊದ್ಲು ಓದೂ ಪುಸ್ತಕ’ ಅಂತ ಬರೀತಿದ್ದ. ರಾಜಾ ರಾಣಿ ಸಿನಿಮಾ ಇದ್ರ ಚರಿತ್ರಿ ಪುಸ್ತಕ. ದೇವರ ಸಿನಿಮಾ ಇದ್ರ ಪುರಾಣ. ಒಮ್ಮೆ ಹಾವಿನ ಸಿನಿಮಾ ಬಂತು ನೋಡ್ರಿ, ಕಪಾಟೆಲ್ಲಾ ತಡಕಾಡಿ ಕಡೀಕ ಹಾವು ಕಡದ್ರ ಏನು ಮಾಡಬೇಕು ಅನ್ನೂ ಸರಕಾರಿ ಪುಸ್ತಕ ಇಟ್ಟ! ಹುಡುಗರು ಅದನ್ನೂ ಬಿಡಲಿಲ್ಲ, ಓದಿ ಮುಗಿಸಿದ್ರು.

“ಪುಸ್ತಕ ಓದದ ಸಿನಿಮಾ ನೋಡಿ ಬಂದವರು ನನಗ ಮಾರಿ ತೋರಿಸಬ್ಯಾಡ್ರಿ ಲೇ,” ಅಂತಿದ್ದ ಅಮರಗುಂಡಪ್ಪ. ಚಾಂದ್‌ಪಾಷಾ ಅನ್ನೂ ಹುಡುಗ ಉರ್ದು ಸಾಲ್ಯಾಗ ಕಲತವ, ಕನ್ನಡ ಅಕ್ಷರ ಆಗಷ್ಟ ಕೂಡಿಸಾಕ ಕಲ್ತಿದ್ದ. ಅಂಥವನೂ ಟೆಂಟಿನ ಆಸೆಗೆ ಬೆರಳಿಟ್ಟು ಓದಿ ಓದಿ ದಪ್ಪ ದಪ್ಪ ಪುಸ್ತಕ ಮುಗಿಸ್ತಿದ್ದ.

ಶನಿವಾರ ಮಧ್ಯಾಹ್ನ ಹುಡುಗ್ಯಾರ ಪಾಳಿ. ಆ ಹೊತ್ತಿಗೆ ತಪ್ಪದ ಬರೂವಾಕಿ ಶೇಖರಮ್ಮ. ಹದಿನೈದರ ಹುಡುಗಿ, ಏಳನೇತ್ತಕ್ಕ ಸಾಲಿ ಬಿಡಿಸಿದ್ರು, ಓದೂ ಚಟ ಮಾತ್ರ ಬಿಡಿಸಾಕ ಆಗಿರಲಿಲ್ಲ. ಆ ಸಲ ಹಲಗಿ ಎರಡೂ ಕಡೆ ಒಂದ ಹೆಸರು ಇತ್ತು: ‘ಹೊಳೆ ಆಚೆಯ ಗೌರಿ’. ಸಿನಿಮಾನೂ ಅದ, ಪುಸ್ತಕಾನೂ ಅದ. ಹುಡುಗರೆಲ್ಲಾ ಓದಿ ಬಿಟ್ಟ ಮ್ಯಾಲ ಪುಸ್ತಕ ಶೇಖರಮ್ಮನ ಕೈಗೆ ಬಂತು. ಆಕಿ ಸೆರಗಿನಾಗ ಮುಚ್ಚಿಕೊಂಡು ಮನಿಗೆ ಓಡಿದ್ಲು.

ಪುಸ್ತಕದಾಗ ಗೌರಿ ಅನ್ನೂ ಒಬ್ಬಾಕಿ ಮಗಳು. ಹೊಳಿ ಆಚೆ ಊರಿಗೆ ಕೊಡ್ತಾರ. ಮದಿವ್ಯಾಗಿ ಮೊದಲನೇ ಪಂಚಮಿಗೆ ತವರಿಗೆ ಬರ್ತಾಳ, ಜೋಕಾಲಿ ಆಡ್ತಾಳ, ಹೋಗ್ತಾಳ. ಮುಂದ ಅವ್ವಗ ಬ್ಯಾನಿ ಅಂತ ಸುದ್ದಿ ತಿಳಿದು, ತುಂಬಿದ ಹೊಳಿಯಾಗ ಹರಿಗೋಲು ಹತ್ತಿ ಹೊಂಟಾಕಿ ನಡು ನೀರಿನಾಗ ಮುಳುಗಿ ಹೋಗಿಬಿಡ್ತಾಳ. ಈ ದಂಡಿ ಮ್ಯಾಲ ಅವ್ವ ದೀಪ ಹಿಡಕೊಂಡು ನಿಂತಿರ್ತಾಳ. ಅಲ್ಲಿಗೆ ಪುಸ್ತಕ ಮುಗೀತು. ಶೇಖರಮ್ಮ ಅದನ್ನ ಕೌದಿ ಕೆಳಗ ಇಟ್ಟು, ಅವ್ವನ ಕಿವಿಗೆ ಈ ಕಥಿ ಬೀಳಬಾರದಪಾ ಶಿವನೇ ಅಂತ ಬೇಡಿಕೊಂಡ್ಲು.

ಯಾಕಂದ್ರ ಆ ಮನಿಯಾಗೂ ಒಬ್ಬಾಕಿ ಮಗಳು ಹೊಳಿ ಆಚೆ ಹೋಗಿದ್ಲು. ಶೇಖರಮ್ಮನ ಅಕ್ಕ ಗುರುಲಿಂಗಮ್ಮನ್ನ ಸಿರಗುಪ್ಪದ ಕಡೆ ಕೊಟ್ಟಿದ್ರು. ಹೋದ ಮಳಿಗಾಲದಾಗ ಆಕಿಗೆ ಜ್ವರ ಬಂತು, ಜೋರಾತು ಅಂತ ಸುದ್ದಿ ಬಂತು. ಅವ್ವ ಸಂಗಮ್ಮ ಬಿದ್ದು ಎದ್ದು ಮುಕ್ಕುಂದದ ದಂಡಿಗೆ ಹೋದ್ರ ಹೊಳಿ ದಂಡಿ ಮೀರಿ ಹರಿಯಾಕತ್ತಿತ್ತು. ಅಂಬಿಗರು ಹರಿಗೋಲು ನೀರಿಗೆ ಇಳಿಸಾಕ ಒಪ್ಪಲಿಲ್ಲ. ಕೈ ಮುಗದ್ಲು, ಕಾಲು ಹಿಡದ್ಲು, ಆಗಲಿಲ್ಲ. ನೀರು ಇಳಿದು ಆಚೆ ದಂಡಿ ಮುಟ್ಟೂದ್ರೊಳಗ ಗುರುಲಿಂಗಮ್ಮನ್ನ ಮಣ್ಣು ಮಾಡಿ ಮುಗಿಸಿದ್ರು. ಮಗಳ ಮಾರಿ ನೋಡೂದು ಸಂಗಮ್ಮನ ಹಣ್ಯಾಗ ಬರದಿರಲಿಲ್ಲ.

ಅವತ್ತಿನಿಂದ ಸಂಗಮ್ಮ ಅಳಲಿಲ್ಲ. ಅತ್ತಿದ್ರ ಚೊಲೋ ಇತ್ತು ಅಂತ ಓಣಿಯವರೆಲ್ಲಾ ಅಂತಿದ್ರು. ಕರದ್ರ ಹೂಂ, ಕೇಳಿದ್ರ ಹೂಂ. ಗಂಗಾಳದಾಗ ರೊಟ್ಟಿ ಹಾಕಿಕೊಂಡು ಕುಂತ್ರ ಹಂಗ ಕುಂತಿರ್ತಿದ್ಲು. ಅಪ್ಪ ಶಿವಶರಣಪ್ಪ ಹೊಲದ ಹಾದಿ ಹಿಡಿದು ಹೊತ್ತು ಕಳೀತಿದ್ದ. ಅವ್ವನ ಬಾಜೂಕ ದಿನಾ ಕೂಡೂವಾಕಿ ಶೇಖರಮ್ಮ ಒಬ್ಬಾಕಿನ. ಅವ್ವ ಹಿಂಗ ಒಣಗಿ ಒಣಗಿ ಒಂದಿನ ಅಕ್ಕನ ಹಿಂದ ಹೋಗಿಬಿಡ್ತಾಳ ಅನ್ನೂ ಹೆದರಿಕಿ ಆ ಹುಡುಗಿ ಎದಿಯಾಗ ಕುಂತುಬಿಟ್ಟಿತ್ತು.

ಇಂಥಾದ್ರಾಗ ಮಸ್ಕಿಯ ಚಿಗವ್ವ ಬಂದ್ಲು. ಸಂಗಮ್ಮನ ಖಾಸಾ ತಂಗಿ, ಮಾತಿನ ಮಲ್ಲಿ. “ಯಕ್ಕಾ, ನಮ್ಮ ಮಸ್ಕಿಗೆ ಟೆಂಟು ಬಂದೈತಿ, ಶಿವನ ಮಹಿಮೆ ಸಿನಿಮಾ ಅಂತ, ನಡಿ ನಡಿ,” ಅಂತ ಗಾಡಿ ಹೂಡಿಸೇಬಿಟ್ಲು. ಸಂಗಮ್ಮ ಹೂಂ ಅಂದ್ಲು. ಯಾವ ಸಿನಿಮಾ ಅಂತ ಶೇಖರಮ್ಮ ಕೇಳಿದ್ಲು.

“ಅದೇನೋ ಗೌರಿ ಅಂತ ಐತಿ. ಶಿವನ ಹೇಣ್ತಿ ಇರಬೇಕು,” ಅಂದ್ಲು ಚಿಗವ್ವ.

ಅವ್ವನ ಮುಂದ ಏನಂತ ಹೇಳಬೇಕು? ಚಿಗವ್ವನ್ನ ಮೂಲಿಗೆ ಕರದು ಹೇಳಾಕ ಹೋದ್ರ, “ಸುಮ್ನಿರು, ದೊಡ್ಡ ಪಂಡಿತಳು ಇಕಿ,” ಅಂತ ಬೈಸಿಕೊಂಡ್ಲು. ಶೇಖರಮ್ಮ ಗಾಡಿ ಹತ್ತಿ ಅವ್ವನ ಬಾಜೂಕ ಒತ್ತಿ ಕುಂತ್ಲು.

ಮಲ್ಲಯ್ಯನ ಗುಡ್ಡದ ಕೆಳಗ ಟೆಂಟು. ಆ ಟೆಂಟಿನ ಚಂದ ಈಗ ಯಾರಿಗೆ ಹೇಳೂದು? ಹೊತ್ತು ಮುಣಗೂದ ತಡ, ಇಂಜಿನ್ನು ದಡದಡ ಅನ್ನಾಕ ಹತ್ತತಿತ್ತು, ಭೋಂಗಾದಾಗ ಹಾಡು ಹಾಕ್ತಿದ್ರು, ಶೇಂಗಾ ಹುರಿಯೂ ವಾಸನಿಗೆ ಬಾಯಾಗ ನೀರು ಬರ್ತಿದ್ವು. ಉಸುಕು ಗುಡ್ಡಿ ಹಾಕಿಕೊಂಡು ಅದರ ಮ್ಯಾಲ ಕುಂತವನ ಸಾಹುಕಾರ. ಹೆಣ್ಣಮಕ್ಕಳದು ಒಂದು ಕಡೆ, ಗಂಡಸರದು ಒಂದು ಕಡೆ, ನಡುವ ಚಾಪಿ ಗ್ವಾಡಿ. ಮಷೀನು ಒಂದ ಇರೂದು. ನಾಲ್ಕು ದೊಡ್ಡ ಸುರುಳಿ, ಒಂದು ಮುಗೀತು ಅಂದ್ರ ದೀಪ ಹಚ್ಚಿ ಇನ್ನೊಂದು ಏರಿಸೂತನಕ ಹುಡುಗರದು ಸೀಟಿ ಮ್ಯಾಲ ಸೀಟಿ.

ಎರಡು ಸುರುಳಿ ನೆಟ್ಟಗ ಹೋದ್ವು. ಗೌರಿ ಮದಿವಿ ಆತು, ಹೊಳಿ ದಾಟಿ ಹೋದ್ಲು. ಮುಂದ ಪಂಚಮಿ ಅಂತ ಶೇಖರಮ್ಮಗ ಗೊತ್ತಿತ್ತು. ಪಂಚಮಿ ನೋಡಿಸಿ, ಹೊಟ್ಟಿ ನೋವು ಅಂತ ನೆವ ಮಾಡಿ ಅವ್ವನ್ನ ಎಬ್ಬಿಸಿಕೊಂಡು ಹೋಗೂದು ಅಂತ ಲೆಕ್ಕಾ ಹಾಕಿದ್ಲು. ಮೂರನೇ ಸುರುಳಿ ಏರಿಸಿದ್ರು. ಪರದಿ ತುಂಬ ಹೊಳಿ! ತುಂಬಿದ ಹೊಳಿ, ನಡು ನೀರಿನಾಗ ಹರಿಗೋಲು. ಪಂಚಮಿ ಎಲ್ಲಿ ಹೋತು? ಮಷೀನಿನವ ಮದ್ರಾಸ್ ಕಡೆಯವ, ಕನ್ನಡ ಬರೂದಿಲ್ಲ, ಡಬ್ಬಿ ಮ್ಯಾಲಿನ ಚೀಟಿ ಕಿತ್ತು ಹೋಗಿದ್ವು. ಕೈಗೆ ಸಿಕ್ಕಿದ್ದು ಏರಿಸಿದ್ದ ಪುಣ್ಯಾತ್ಮ.

ಗೌರಿ ನೀರಿನಾಗ ಹೋದ್ಲು. ದಂಡಿ ಮ್ಯಾಲ ಅವ್ವ ದೀಪ ಎತ್ತಿ, “ಶಿವನೇ, ನನ್ನ ಮಗಳನ್ನ ಕೊಡೋ,” ಅಂತ ಚೀರಿದ್ಲು. ಶೇಖರಮ್ಮ ಅವ್ವನ ಕೈ ಹಿಡದ್ಲು. ಕೈ ಮರಗಟ್ಟಿದಂಗ ಇತ್ತು. ‘ಮುಕ್ತಾಯ’ ಅಂತ ಅಕ್ಷರ ಬಂದ್ವು. ಓದಾಕ ಬರೋರು ನಾಕು ಮಂದಿ ಎದ್ರು. “ಕೂತ್ಕೋ, ಕೂತ್ಕೋ, ಇನ್ನೊಂದಿದೆ!” ಅಂತ ಮಷೀನಿನವ ತನಗ ಬಂದಷ್ಟು ಕನ್ನಡದಾಗ ಒದರಿದ. ಎದ್ದವರು ಮತ್ತ ಕುಂತ್ರು.

ದೀಪ ಆರಿತು. ಪರದಿ ಮ್ಯಾಲ ಅದ ಅವ್ವ ಒಲಿ ಮುಂದ ಕುಂತಾಳ. ಬಾಗಲಾ ಬಡದ ಸಪ್ಪಳ. ತೆಗದ್ರ ಗೌರಿ! ಹೊಸ ಸೀರಿ, ತಲಿ ತುಂಬ ಹೂವು. “ಯವ್ವಾ, ಬಂದೆ!”

ಅಬ್ಬಬ್ಬಾ, ಆ ಟೆಂಟಿನಾಗ ಎದ್ದ ಗದ್ದಲ! ಶಿವ ಮಗಳನ್ನ ತಿರುಗಿ ಕೊಟ್ಟ ಅಂತ ಹೆಣ್ಣಮಕ್ಕಳೆಲ್ಲಾ ಹರಹರ ಅಂದ್ರು. ಒಬ್ಬಾಕಿ ಮುದುಕಿ ಪರದಿ ಮುಂದ ಹೋಗಿ ನೆಲಕ್ಕ ಹಣಿ ಹಚ್ಚಿದ್ಲು. ಗೌರಿ ಜೋಕಾಲಿ ಏರಿ, ಜೀಕಿ ಜೀಕಿ ನಕ್ಕೋತ ಇರೂವಾಗ ಸುರುಳಿ ಮುಗೀತು. ಶೇಖರಮ್ಮ ತಿರುಗಿ ನೋಡಿದ್ಲು. ಸಂಗಮ್ಮ ನಗಾಕತ್ತಿದ್ಲು. ಹೋದ ಮಳಿಗಾಲದಿಂದ ನೋಡದ ನಗು ಅದು, ಹಲ್ಲು ಕಾಣೂವಂಗ.

ಮರುದಿನ ಸಂಗಮ್ಮ ತಾನ ಕೇಳಿ ರೊಟ್ಟಿ ಹಾಕಿಸಿಕೊಂಡ್ಲು. ತಲಿ ಬಾಚಿಕೊಂಡ್ಲು. ಸಿಂಧನೂರಿಗೆ ಬಂದ ಮ್ಯಾಲ, “ಟೆಂಟು ನಮ್ಮೂರಿಗೆ ಯಾವಾಗ ಬರ್ತೈತಿ?” ಅಂತ ಕೇಳಿದ್ಲು. ಇತ್ತ ಮಸ್ಕಿಯಾಗ ಹಳ್ಳಿ ಹಳ್ಳಿಯಿಂದ ಗಾಡಿ ಬರಾಕ ಹತ್ತಿದ್ವು, ಪರದಿ ಮುಂದ ಕಾಯಿ ಒಡೀತಿದ್ರು. ಮಾಲಕ ಜಾಣ, ಹಂಗ ಇರಲಿ ಅಂತ ದಿನಾ ಅದ ಪ್ರಕಾರ ತೋರಿಸಿದ.

ಈ ಸುದ್ದಿ ಚಾಂದ್‌ಪಾಷಾನ ಬಾಯಿಂದ ಅಮರಗುಂಡಪ್ಪನ ಕಿವಿಗೆ ಬಿದ್ದದ್ದ ತಡ, ಆ ಮನುಷ್ಯ ಕೆಂಡ ಆದ. ತಾನು ಹುಡುಗರಿಗೆ ಓದಿಸಿದ ಪುಸ್ತಕಾನ ತಿರುಗಾ ಮುರುಗಾ ಮಾಡಿ ತೋರಸ್ತಾನಂದ್ರ! ಬಸ್ಸು ಹತ್ತಿ ಮಸ್ಕಿಗೆ ಹೋಗೇಬಿಟ್ಟ. ಶನಿವಾರ ಶೇಖರಮ್ಮ ಓಡಿಕೋತ ವಾಚನಾಲಯಕ್ಕ ಬಂದ್ಲು.

“ಕಾಕಾ, ಅದನ್ನ ಹಂಗ ಬಿಡ್ರಿ. ನಮ್ಮವ್ವ ಉಣ್ಣಾಕತ್ತಾಳ್ರೀ,” ಅಂದ್ಲು. ಅಂದು ಎಲ್ಲಾ ಹೇಳಿದ್ಲು. ಅಮರಗುಂಡಪ್ಪ ರುಮಾಲು ತೆಗದು ಮಾರಿ ಒರಸಿಕೊಂಡ.

“ಹೇಳಿ ಬಂದುಬಿಟ್ಟೀನಲ್ಲವ್ವಾ. ನಿಂತು ಡಬ್ಬಿ ಮ್ಯಾಲ ಬಣ್ಣದಾಗ ನಂಬರು ಬರಿಸೀನಿ. ನಮ್ಮೂರಾಗ ಸೀದಾ ತೋರಸ್ತಾರ. ನಿಮ್ಮವ್ವನ್ನ ಕರ್ಕೊಂಡು ಬರಬ್ಯಾಡ ತಾಯಿ, ಏನರ ನೆವ ಹೇಳು,” ಅಂದ. ಪಾಪ, ಅವನರ ಏನು ಮಾಡ್ಯಾನು?

ನೆವ ಹುಡುಕಿಕೋತ ಮನಿಗೆ ಬಂದ್ರ ಸಂಗಮ್ಮ ಪಡಸಾಲಿಯಾಗ ಕುಂತಾಳ, ತೊಡಿ ಮ್ಯಾಲ ಆ ಪುಸ್ತಕ! ಕೌದಿ ಒಣಗಿಸಾಕ ತೆಗೆದಾಗ ಸಿಕ್ಕಿತ್ತು.

“ಟೆಂಟಿನವರು ಹಂಚಿದ ಕಾಗದದ ಮ್ಯಾಲ ಈ ರಟ್ಟಿನ ಚಿತ್ರಾನ ಇತ್ತು. ಇದು ಆ ಗೌರಿ ಕಥಿ ಅಲ್ಲೇನು? ಓದು,” ಅಂದ್ಲು.

“ಆಮ್ಯಾಲ ಓದ್ತೀನಿ ಬೇ.”

“ಈಗ ಓದು. ನಾಳೆ ಟೆಂಟು ಬರ್ತೈತಿ.”

ಶೇಖರಮ್ಮ ಓದಿದ್ಲು. ಮುಂದ ಏನು ಮಾಡಬೇಕು ಅಂತ ಓದಿಕೋತನ ಯೋಚನಿ ಮಾಡಿದ್ಲು. ಮದಿವಿ ಮುಗೀತು. ಪಂಚಮಿ ಬಂತು. ಆಕಿ ಪಂಚಮಿ ಹಾಳಿಗೋಳನ್ನ ಒಟ್ಟಿಗೆ ಹಿಡಿದು ದಾಟಿಸಿ, ಕಡೀ ಅಧ್ಯಾಯ ತೆಗದು, ಹೊಳಿ ಹರಿಗೋಲು ಎಲ್ಲಾ ಗಡಿಬಿಡಿಲೆ ಓದಿ ಒಗದ್ಲು. ಆಮ್ಯಾಲ ಹಿಂದಕ್ಕ ಬಂದು ದನಿ ಏರಿಸಿ ಪಂಚಮಿ ಓದಿದ್ಲು. ಗೌರಿ ಜೋಕಾಲಿ ಏರೂತನಕ ಓದಿ ಪುಸ್ತಕ ಮುಚ್ಚಿದ್ಲು.

ಸಂಗಮ್ಮ ಆಕಿ ಕೈನ ನೋಡಾಕತ್ತಿದ್ಲು.

“ನೀ ಹಾಳಿ ಹಿಂದಕ್ಕ ತಿರುವಿದಿ,” ಅಂದ್ಲು.

“ಇಲ್ಲ ಬೇ ಯವ್ವಾ...”

“ನನಗ ಓದಾಕ ಬರಂಗಿಲ್ಲ, ನೋಡಾಕ ಬರ್ತೈತಿ. ಕಡೀ ಹಾಳಿ ಓದಿ ಮತ್ತ ನಡುವಿಗೆ ಬಂದಿ. ನೀನೂ ಆ ಟೆಂಟಿನವನಂಗ ಮಾಡಿದಿ.”

ಶೇಖರಮ್ಮಗ ನೆಲ ಬಾಯಿ ತೆರೆದಿದ್ರ ಇಳಿದು ಹೋಗಬೇಕು ಅನಿಸ್ತು. “ನಿನಗ ಅವತ್ತ ಗೊತ್ತಾಗಿತ್ತೇನು?”

“ಗೊತ್ತಾಗದ ಏನು? ಹೊಳಿ ಪಾಲಾದಾಕಿ ಹೂ ಮುಡಕೊಂಡು ಬಂದು ಬಾಗಲಾ ಬಡೀತಾಳೇನು? ನಾ ಹೆತ್ತಾಕಿ, ಹುಚ್ಚಿ ಅಲ್ಲ.”

“ಮತ್ತ ನಕ್ಕೆಲ್ಲ? ರೊಟ್ಟಿ ತಿಂದೆಲ್ಲ?”

ಸಂಗಮ್ಮ ಮುಚ್ಚಿದ ಪುಸ್ತಕದ ರಟ್ಟಿನ ಮ್ಯಾಲ ಕೈ ಆಡಿಸಿದ್ಲು. ಆಮ್ಯಾಲ ಮೆಲ್ಲಕ ಹೇಳಿದ್ಲು: “ನಿಮ್ಮಕ್ಕ ಹೋದಾಗಿಂದ ಕಣ್ಣು ಮುಚ್ಚಿದ್ರ ಹೊಳಿ, ತೆರದ್ರ ಹೊಳಿ. ಅಕಿ ಹಬ್ಬಕ್ಕ ಬಂದಿದ್ದು, ನಿನ್ನ ಕೂಡ ಜಗಳಾಡಿ ಎಳ್ಳುಂಡಿ ಕಸಗೊಂಡು ತಿಂದಿದ್ದು, ಬೇವಿನ ಗಿಡದ ಟೊಂಗಿಗೆ ಕಾಲು ಮುಟ್ಟೂತನಕ ಜೀಕಿದ್ದು, ಒಂದೂ ನೆನಪಾಗ್ತಿರಲಿಲ್ಲ ನನಗ. ನನ್ನ ಮಗಳ ಮಾರೀನ ಮರತುಹೋಗಿತ್ತಬೇ. ಅವತ್ತು ಆ ಹುಡುಗಿ ಜೋಕಾಲಿ ಏರಿ ನಕ್ಕಳಲ್ಲ, ಫಕ್ಕನ ನಮ್ಮಾಕಿ ಮಾರಿ ಕಣ್ಣ ಮುಂದ ಬಂತು. ಅದಕ್ಕ ಗಂಟಲಾಗ ರೊಟ್ಟಿ ಇಳೀತು.”

ಪುಸ್ತಕ ಎತ್ತಿ ಮಗಳ ಕೈಯಾಗ ಇಟ್ಲು.

“ಈಗ ಸೀದಾ ಓದು. ಗಡಿಬಿಡಿ ಮಾಡಬ್ಯಾಡ. ನನ್ನ ಮಗಳ ಮಣ್ಣಿಗೆ ಹೋಗೂದು ನನಗ ಆಗಲಿಲ್ಲ. ಈ ಗೌರಿ ಕೂಡರ ಕಡೀತನಕ ಹೋಗ್ತೀನಿ.”

ಶೇಖರಮ್ಮ ಸೀದಾ ಓದಿದ್ಲು. ಪಂಚಮಿ, ಅವ್ವನ ಬ್ಯಾನಿ, ಸುದ್ದಿ ಹೋದದ್ದು, ಗೌರಿ ಹೊಂಟದ್ದು. ಒಂದು ಸಾಲೂ ಬಿಡಲಿಲ್ಲ. ಹರಿಗೋಲು ನೀರಿಗೆ ಇಳಿಸೂ ಹೊತ್ತಿಗೆ ಸಂಗಮ್ಮನ ಬಾಯಿಂದ ಸಣ್ಣ ದನಿ ಬಂತು. ಮಗಳು ಓದೂದು ನಿಲ್ಲಿಸಿದ್ಲು. “ಓದು,” ಅಂದ್ಲು ಅವ್ವ. ಓದಿದ್ಲು. ದಂಡಿ ಮ್ಯಾಲ ದೀಪ ಹಿಡಕೊಂಡು ನಿಂತ ತಾಯಿ ತನಕ ಬಂದಾಗ ಸಂಗಮ್ಮ, “ನನ್ನ ಗುರುಲಿಂಗವ್ವಾ, ನನ್ನ ಬಂಗಾರಾ, ನಾ ದಂಡಿತನಕ ಬಂದಿದ್ನೇ ಯವ್ವಾ,” ಅಂತ ಎದಿ ಎದಿ ಬಡಕೊಂಡು ಅತ್ಲು. ಇಡೀ ಓಣಿಗೆ ಕೇಳೂವಂಗ ಅತ್ಲು.

ಬಾಜೂ ಮನಿ ಹುಸೇನ್‌ಬೀ ಹಿಟ್ಟು ಹತ್ತಿದ ಕೈಲೇ ಓಡಿ ಬಂದ್ಲು. “ಏನಾತೇ ಬೇಟೀ, ನಿಮ್ಮವ್ವಗ ಏನಾತು?”

“ಏನಿಲ್ಲ ಚಾಚಿ,” ಅಂದ್ಲು ಶೇಖರಮ್ಮ, ತಾನೂ ಅಳಕೋತ. “ಅಕ್ಕನ ಸಲುವಾಗಿ ಅಳಾಕತ್ತಾಳ.”

ಹುಸೇನ್‌ಬೀ ಹಿಟ್ಟಿನ ಕೈಲೇ ಸಂಗಮ್ಮನ್ನ ತಬ್ಬಿಕೊಂಡು ಬಾಜೂಕ ಕುಂತ್ಲು.