ದಡದ ಮೇಲಿನ ಗುರುತು

ಸಮುದ್ರದ ದಡದಲ್ಲಿ ಅಂಗಾತ ಮಲಗಿದ್ದ ತಕ್ಕಡಿಯಣ್ಣನಿಗೆ, ತಾನು ಬೆಳಿಗ್ಗೆಯಿಂದ ಒಂದು ಸಾರ್ವಜನಿಕ ಸೇವೆ ಸಲ್ಲಿಸುತ್ತಿದ್ದೇನೆ ಎಂಬುದು ಗೊತ್ತಿರಲಿಲ್ಲ. ಬಾಯಾರಿಕೆಯಾಯಿತೆಂದು ಎದ್ದು ಸೋಡಾ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಹಲಗೆ ಮೇಲೆ ನಿಂತು ಅಲೆಸವಾರಿ ಮಾಡುವುದನ್ನು ಕಲಿಯಲು ಬಂದಿದ್ದ ಒಂದಿಡೀ ತಂಡ, ಹಲಗೆಗಳ ಸಮೇತ, ಮೀನುಬಲೆಗಳಲ್ಲಿ ಸಿಕ್ಕಿಕೊಂಡು ಕೂಗಾಡುತ್ತಿತ್ತು. ಅವರಿಗೆ ಕಲಿಸುತ್ತಿದ್ದ ಅಲೆ ಮಾಸ್ತರ ಮರಳು ಹಾರಿಸುತ್ತ ಓಡಿ ಬಂದ.

"ಯಾಕಣ್ಣ ಎದ್ರಿ?"

"ಬಾಯಾರಿಕೆ ಆಯ್ತು."

"ಒಂದು ಮಾತು ಹೇಳಿ ಏಳಬಾರದಾ? ಬೆಳಿಗ್ಗೆಯಿಂದ ನಿಮ್ಮ ಹೊಟ್ಟೆ ನೋಡ್ಕೊಂಡೇ ಇವರೆಲ್ಲ ದಡಕ್ಕೆ ಬರ್ತಿದ್ರು. ಎಡಕ್ಕೆ ಹೋದ್ರೆ ಬಂಡೆ, ಬಲಕ್ಕೆ ಹೋದ್ರೆ ಬಲೆ, ಹೊಟ್ಟೆ ನೇರಕ್ಕೆ ಬನ್ನಿ ಅಂತ ಹೇಳಿಕೊಟ್ಟಿದ್ದೆ."

ತಕ್ಕಡಿಯಣ್ಣನ ಹೆಂಡತಿಗೆ ನಕ್ಕು ನಕ್ಕು, ಕುಡಿದ ಸೋಡಾ ಮೂಗಿನಲ್ಲಿ ಬಂತು. ಅಮ್ಮ ಮಾತ್ರ ಕೊಡೆಯ ನೆರಳಲ್ಲಿ ಕೂತು ಹೆಮ್ಮೆಯಿಂದ, "ನೋಡಿದ್ಯಾ, ನನ್ನ ಮಗ ಎಷ್ಟು ದೂರದಿಂದ ಕಾಣ್ತಾನೆ" ಎಂದಳು.

ತಕ್ಕಡಿಯಣ್ಣ ಬಲೆಯಲ್ಲಿ ಸಿಕ್ಕಿಕೊಂಡಿದ್ದ ಹಲಗೆಗಳನ್ನು ನೋಡಿದ. ಆಮೇಲೆ ಕೇಳಿದ, "ಆ ಹಲಗೆ ಮೇಲೆ ನಾನು ನಿಲ್ಲಬೋದಾ?"

ಮಾಸ್ತರ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅದು ಸಾಲದೆ ಎಡದಿಂದ ಬಲಕ್ಕೂ ನೋಡಿದ. "ನನ್ನ ಹತ್ರ ಇರೋದ್ರಲ್ಲಿ ದೊಡ್ಡ ಹಲಗೆ ತೊಂಬತ್ತೈದು ಕಿಲೋ ಹೊರುತ್ತೆ. ಅಷ್ಟರೊಳಗೆ ಇಳಿದು ಬನ್ನಿ, ಮುಂದಿನ ರಜೆಯಲ್ಲಿ ನಿಲ್ಲಿಸ್ತೀನಿ. ಅಲ್ಲೀವರೆಗೆ ದಯವಿಟ್ಟು ಅಲ್ಲೇ ಮಲಗಿರಿ ಅಣ್ಣ. ಮಧ್ಯಾಹ್ನದ ಬ್ಯಾಚ್ ಇದೆ."

ತಕ್ಕಡಿಯಣ್ಣ ಸಭ್ಯಸ್ಥ. ಹೋಗಿ ಮಲಗಿದ. ಆದರೆ ಆ ಮಧ್ಯಾಹ್ನವೆಲ್ಲ, ನೀರಿನ ಮೇಲೆ ನೆಟ್ಟಗೆ ನಿಂತು ತನ್ನ ಹೊಟ್ಟೆಯ ಕಡೆಗೇ ನುಗ್ಗಿ ಬರುತ್ತಿದ್ದ ಮುಖಗಳನ್ನೇ ನೋಡಿದ. ಆ ಮುಖಗಳಲ್ಲಿ ಇದ್ದಂಥ ಖುಷಿ ಅವನ ಮುಖಕ್ಕೆ ಎಂದೂ ಬಂದಿರಲಿಲ್ಲ. ಬದುಕಿನಲ್ಲಿ ಒಂದೇ ಒಂದು ಸಲ, ಯಾರೋ ನೋಡಿಕೊಂಡು ಬರುವ ಗುರುತಾಗಿ ಅಲ್ಲ, ಗುರುತು ನೋಡಿಕೊಂಡು ಬರುವವನಾಗಿ ಇರಬೇಕು ಎಂದುಕೊಂಡ.

ಅವನ ಕಸುಬು ತಕ್ಕಡಿ ರಿಪೇರಿ. ತರಕಾರಿಯವರ ತಕ್ಕಡಿ, ಅಕ್ಕಸಾಲಿಗರ ಗಾಜಿನ ಪೆಟ್ಟಿಗೆಯ ತಕ್ಕಡಿ, ಮೂಟೆ ತೂಗುವ ಹಲಗೆ ತಕ್ಕಡಿ, ಎಲ್ಲವೂ ಅವನ ಇಕ್ಕಟ್ಟಾದ ಅಂಗಡಿಗೆ ಸುಳ್ಳು ಹೇಳುತ್ತ ಬಂದು ನಿಜ ಹೇಳುತ್ತ ಹೋಗುತ್ತಿದ್ದವು. ಗಿರಾಕಿಯ ತಕ್ಕಡಿಯ ಮೇಲೆ ಕಾಲಿಡಬಾರದು ಎಂಬುದು ಅಪ್ಪನ ಕಾಲದಿಂದ ಬಂದ ನಿಯಮ. "ತಕ್ಕಡಿ ಸುಳ್ಳು ಹೇಳಲ್ಲ, ಅದರ ಮೇಲೆ ನಿಂತವರು ಹೇಳ್ತಾರೆ" ಎಂಬುದು ಅವನದೇ ಮಾತು. ತೂಗುವ ಮುಂಚೆ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ ಎಂದು ಕಂಡಕಂಡವರಿಗೆಲ್ಲ ಉಪದೇಶ ಮಾಡುತ್ತಿದ್ದ.

ಹೆಂಡತಿ ಶಾಲೆಯೊಂದರಲ್ಲಿ ಪೀಟಿ ಮೇಡಂ. ಗಂಡ ತೂಕ ಇಳಿಸಿಕೊಡು ಎಂದು ಬಾಯಿಬಿಟ್ಟು ಕೇಳಿದ್ದೇ ತಡ, ಕೊರಳಿಗೆ ಸೀಟಿ ಹಾಕಿಕೊಂಡು ಮನೆಯಲ್ಲೂ ಅದನ್ನು ತೆಗೆಯದಾದಳು. ಅಲೆ ಬಂದಾಗ ಹಲಗೆಯ ಮೇಲೆ ಬೋರಲು ಮಲಗಿದವನು ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ಅದನ್ನು ನಡುಮನೆಯ ಚಾಪೆಯ ಮೇಲೆ ಕಲಿಸತೊಡಗಿದಳು. ಮೊದಲ ದಿನ ಸೀಟಿ ಊದಿದಾಗ ತಕ್ಕಡಿಯಣ್ಣ ಕಂತುಗಳಲ್ಲಿ ಎದ್ದ. ಮೊದಲು ಕೈ, ಆಮೇಲೆ ಒಂದು ಮಂಡಿ, ಆಮೇಲೆ ಕುರ್ಚಿಯ ಕಾಲು ಹಿಡಿದುಕೊಂಡು ಸ್ವಲ್ಪ ವಿಶ್ರಾಂತಿ.

"ರೀ, ನೀವು ಏಳೋವಷ್ಟರಲ್ಲಿ ಆ ಅಲೆ ದಡಕ್ಕೆ ಹೋಗಿ, ಆವಿಯಾಗಿ, ಮೋಡ ಆಗಿ, ಇನ್ಯಾವುದೋ ಊರಲ್ಲಿ ಮಳೆ ಸುರಿಸ್ತಿರುತ್ತೆ."

"ಬಾಗಿಲಷ್ಟು ಅಗಲ ಇದ್ದ ಮಗು ಸೊರಗಿ ಕಡ್ಡಿ ಆಗೋಗಿದೆ" ಎಂದು ಅಮ್ಮ ಅಡುಗೆಮನೆಯಿಂದಲೇ ಮರುಗಿದಳು. ಮಗು ಆಗಲೂ ಬಾಗಿಲಷ್ಟೇ ಅಗಲವಿತ್ತು. ಸೊಸೆ ಬೇಯಿಸಿಟ್ಟ ಸಪ್ಪೆ ತರಕಾರಿಯ ಕೆಳಗೆ ಅಮ್ಮ ಬೆಣ್ಣೆಯನ್ನು ನಿಧಿಯಂತೆ ಹುಗಿದಿಡುತ್ತಿದ್ದಳು.

ಬಚ್ಚಲುಮನೆಯ ಬಾಗಿಲ ಪಕ್ಕ ಒಂದು ಮುಳ್ಳಿನ ತಕ್ಕಡಿ ಇತ್ತು, ಮೇಲೆ ನಿಂತರೆ ಗಾಜಿನೊಳಗೆ ಕಿಲೋ ತೋರಿಸುವಂಥದು. ಅದನ್ನು ಸರಿಮಾಡಿ ಇಟ್ಟವನು ತಕ್ಕಡಿಯಣ್ಣನೇ. ಆದರೆ ಊರಿಗೆಲ್ಲ ಸೊನ್ನೆ ನೋಡಲು ಹೇಳುವವನು ತನ್ನ ಮನೆಯಲ್ಲಿ ಮಾತ್ರ ಹೆದರಿಕೆಯಿಂದ ಕಣ್ಣು ಮುಚ್ಚಿಕೊಂಡು ಹತ್ತುತ್ತಿದ್ದ. ನಿಂತು, ಉಸಿರು ಬಿಟ್ಟು, ಆಮೇಲೆ ಕಣ್ಣು ತೆರೆಯುತ್ತಿದ್ದ. ದೀಪದ ಬುಡ ಕತ್ತಲೆ ಎನ್ನುವುದು ಇಂಥದಕ್ಕೇ.

ಒಂದೆರಡು ವಾರ ಮುಳ್ಳು ಮರ್ಯಾದೆಯಿಂದ ಇಳಿಯಿತು. ಆಮೇಲೆ ಅದಕ್ಕೆ ಹುಚ್ಚು ಹಿಡಿಯಿತು. ನಿನ್ನೆ ಇಳಿದದ್ದು ಇವತ್ತು ಏರಿತು, ಇವತ್ತು ಏರಿದ್ದು ಊಟ ಮಾಡಿ ಬರುವಷ್ಟರಲ್ಲಿ ಇಳಿಯಿತು. ತಕ್ಕಡಿಯಣ್ಣ ಗಾಬರಿಯಾಗಿ ಡಾಕ್ಟರ ಹತ್ತಿರ ಹೋದ.

"ಸ್ನಾನಕ್ಕೆ ಮುಂಚೆ ನೂರಾ ಒಂದು ಡಾಕ್ಟ್ರೇ. ಸ್ನಾನ ಆದ್ಮೇಲೆ ನೂರಾ ಏಳು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಸ್ನಾನದ ನೀರು ಕುಡಿದ್ರಾ?"

"ಇಲ್ಲ."

"ಸೋಪು ಗೀಪು?"

"ಇಲ್ಲ ಡಾಕ್ಟ್ರೇ!"

"ಹಾಗಾದ್ರೆ ನಿಮ್ಮ ತಕ್ಕಡಿ ಕೆಟ್ಟಿರಬೇಕು."

ತಕ್ಕಡಿಯಣ್ಣ ಎದ್ದು ನಿಂತ. "ನಾನು ನಿಮ್ಮ ಸ್ಟೆತೊಸ್ಕೋಪ್ ಕೆಟ್ಟಿದೆ ಅಂದ್ನಾ?"

ಡಾಕ್ಟರ ಬಳಿಯೇ ಒಮ್ಮೆ ತೂಕ ನೋಡಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಡಾಕ್ಟರ ತಕ್ಕಡಿ ರಿಪೇರಿಗೆಂದು ತಕ್ಕಡಿಯಣ್ಣನ ಅಂಗಡಿಯಲ್ಲೇ ಬಿದ್ದಿತ್ತು. ಅದು ಈಗ ಗಿರಾಕಿಯ ತಕ್ಕಡಿ. ಅದರ ಮೇಲೆ ಕಾಲಿಡುವಂತಿರಲಿಲ್ಲ.

ತಪ್ಪು ದೇಹದ್ದೇ ಎಂದು ತೀರ್ಮಾನಿಸಿ, ಅವನು ಕಸರತ್ತು ಹೆಚ್ಚಿಸಿದ. ತಕ್ಕಡಿಗಳನ್ನು ಪರೀಕ್ಷಿಸಲು ಅಂಗಡಿಯಲ್ಲಿಟ್ಟಿದ್ದ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲನ್ನು ಮನೆಗೆ ಹೊತ್ತು ತಂದು ಎತ್ತಿಳಿಸತೊಡಗಿದ. ಹಾಗೆ ಒಂದು ದಿನ ಏದುಸಿರು ಬಿಡುತ್ತ, ಬೆವರು ಒರೆಸಿಕೊಳ್ಳಲೆಂದು ಕಲ್ಲನ್ನು ಪಕ್ಕದಲ್ಲಿದ್ದ ಮುಳ್ಳಿನ ತಕ್ಕಡಿಯ ಮೇಲಿಟ್ಟ. ಮುಳ್ಳು ಇಪ್ಪತ್ತಾರಕ್ಕೆ ಹೋಗಿ ನಿಂತಿತು.

ತಕ್ಕಡಿಯಣ್ಣ ಕಲ್ಲನ್ನು ನೋಡಿದ. ಕಬ್ಬಿಣ ಬೆಣ್ಣೆ ತಿನ್ನುವುದಿಲ್ಲ.

ತಕ್ಕಡಿಯನ್ನು ಮಗುಚಿ ಹಾಕಿದ. ಅಡಿಯಲ್ಲಿ, ಮುಳ್ಳನ್ನು ಸೊನ್ನೆಗೆ ಕೂರಿಸುವ ಪುಟ್ಟ ಚಕ್ರ. ಸುತ್ತಲೂ ಧೂಳು, ಚಕ್ರ ಮಾತ್ರ ಫಳಫಳ. ಅದರ ಒಂದು ಹಲ್ಲಿನಲ್ಲಿ ಬೆಣ್ಣೆಯ ಜಿಡ್ಡು. ಇನ್ನೊಂದರಲ್ಲಿ ಆಟದ ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ಪುಡಿ.

"ಯಾರು?" ಎಂದು ಕೂಗಿದ.

"ಅತ್ತೆ!" ಎಂದಳು ಪೀಟಿ ಮೇಡಂ. "ಇವಳು!" ಎಂದಳು ಅಮ್ಮ. ಎರಡೂ ಒಂದೇ ಉಸಿರಿಗೆ ಬಂದವು. ಏನು ಎಂದು ಅವನಿನ್ನೂ ಹೇಳಿರಲೇ ಇಲ್ಲ.

"ನಾನು ಜಾಸ್ತಿ ತೋರಿಸೋ ಹಾಗೆ ತಿರುಗಿಸಿದ್ದು ನಿಜಾನೇರೀ" ಎಂದು ಹೆಂಡತಿ ಒಪ್ಪಿಕೊಂಡಳು. "ಶಾಲೇಲೂ ಇನ್ನೊಂದೇ ಸುತ್ತು ಇನ್ನೊಂದೇ ಸುತ್ತು ಅಂತಾನೇ ಮಕ್ಕಳನ್ನ ಓಡಿಸೋದು. ಇಳಿದೆ ಅಂತ ಗೊತ್ತಾದ್ರೆ ನೀವು ಸೋಮಾರಿ ಆಗ್ತೀರಾ."

"ನಾನು ಕಮ್ಮಿ ತೋರಿಸೋ ಹಾಗೆ ತಿರುಗಿಸ್ತಿದ್ದೆ ಕಣೋ. ಇಳಿದಿದೀನಿ ಅಂತ ಧೈರ್ಯ ಬಂದ್ರೆ ಒಂದು ತುತ್ತು ಜಾಸ್ತಿ ತಿಂತೀಯ ಅಂತ."

"ಅದಕ್ಕೇ ನಾನು ಮತ್ತೆ ಜಾಸ್ತಿ ಮಾಡಬೇಕಾಯ್ತು."

"ಅದಕ್ಕೇ ನಾನು ಮತ್ತೆ ಕಮ್ಮಿ ಮಾಡ್ದೆ. ಏನು ಬೆರಳೇ ನಿಂದು, ಅಷ್ಟು ಬಿಗಿ ತಿರುಗಿಸ್ತೀಯ, ನನ್ನ ಉಗುರೇ ಮುರೀತು."

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ" ಎಂದ ತಕ್ಕಡಿಯಣ್ಣ. "ಅತ್ತೆ ಸೊಸೆ ಜಗಳದಲ್ಲಿ ಕೂಸು ನೂರಾ ಏಳು ಕಿಲೋ ಆಯ್ತು."

ಕಲ್ಲಿಟ್ಟು ನೋಡಿ, ತಕ್ಕಡಿಯನ್ನು ಸೊನ್ನೆಗೆ ತಂದು, ಅಂಗಡಿಯ ತಕ್ಕಡಿಗಳಿಗೆ ಹಾಕುವಂತೆ ಯಾರೂ ತಿರುಗಿಸದ ಹಾಗೆ ಚಕ್ರದ ಮೇಲೆ ಸೀಸದ ಮುದ್ರೆ ಒತ್ತಿದ. ಕಣ್ಣು ತೆರೆದುಕೊಂಡೇ ಹತ್ತಿದ. ನೂರಕ್ಕೆ ಸ್ವಲ್ಪ ಕೆಳಗೆ! ತನಗೆ ಗೊತ್ತಿಲ್ಲದಂತೆಯೇ ತಾನು ಇಳಿದಿದ್ದ. ಅಂದಿನಿಂದ ಮುಳ್ಳಿಗೆ ಬುದ್ಧಿ ಬಂತು. ಸೀಟಿ ಊದಿದರೆ ಅವನು ಚೆಂಡಿನಂತೆ ಪುಟಿದೇಳುವಂತಾದ. ಬೀದಿಯಲ್ಲಿ ಸಂಚಾರಿ ಪೊಲೀಸರು ಸೀಟಿ ಊದಿದರೂ ಮೊಣಕಾಲು ಬಾಗಿಸಿ ಕೈ ಚಾಚಿ ನಿಂತುಬಿಡುತ್ತಿದ್ದ.

ರಜೆಯ ಹಿಂದಿನ ಸಂಜೆ ಮುಳ್ಳು ತೊಂಬತ್ತನಾಲ್ಕು ತೋರಿಸಿತು. ಅಮ್ಮ ಸೀಸದ ಮುದ್ರೆಯನ್ನು ಒಮ್ಮೆ ನೋಡಿ, ಸೂಜಿ ದಾರ ಹಿಡಿದು ಕೂತಳು. "ನಿನ್ನ ಈಜುಚಡ್ಡಿ ಸೊಂಟದಲ್ಲಿ ಸಡಿಲ ಆಗಿದೆ. ಹಿಡಿದು ಕೊಡ್ತೀನಿ" ಎಂದಳು. ಮಗನ ಕಣ್ಣು ತೇವವಾಯಿತು. ಕೊನೆಗೂ ಒಪ್ಪಿದಳಲ್ಲ ಎಂದುಕೊಂಡ. ಬೆಳಿಗ್ಗೆ ಅದನ್ನು ಹಾಕಿಕೊಂಡವನು "ಬಟ್ಟೆ ಒಳ್ಳೆ ಗಟ್ಟಿಮುಟ್ಟಾಗಿದೆ" ಎಂದು ಹೊಗಳಿದ ಕೂಡ.

ಸಮುದ್ರ ಅಲ್ಲೇ ಇತ್ತು. ಮಾಸ್ತರ ಗುಡಿಸಲಿನ ಮುಂದೆ ಒಂದು ತಕ್ಕಡಿ ಇಟ್ಟಿದ್ದ. ತಕ್ಕಡಿಯಣ್ಣ ಎದೆಯುಬ್ಬಿಸಿ ಹತ್ತಿದ.

ತೊಂಬತ್ತಾರು.

ಈ ಸಲ ಅವನು ದೇಹವನ್ನು ಅನುಮಾನಿಸಲಿಲ್ಲ. ಚೀಲದಿಂದ ಐದು ಕಿಲೋದ ಕಲ್ಲು ತೆಗೆದು ಮಾಸ್ತರನ ತಕ್ಕಡಿಯ ಮೇಲಿಟ್ಟ. ಸರಿಯಾಗಿ ಐದು. ಮಗುಚಿ ಚಕ್ರ ನೋಡಿದ. ಬೆಣ್ಣೆ ಇಲ್ಲ, ಸುಣ್ಣ ಇಲ್ಲ.

"ತಕ್ಕಡಿ ಸರಿಯಾಗಿದೆ" ಎಂದ. ಆ ಮಾತನ್ನು ಅಷ್ಟು ದುಃಖದಿಂದ ಅವನು ಎಂದೂ ಹೇಳಿರಲಿಲ್ಲ.

"ಒಂದೇ ಕಿಲೋ ಅಲ್ವಾ ಮಾಸ್ತ್ರೇ" ಎಂದು ಪೀಟಿ ಮೇಡಂ ಬೇಡಿಕೊಂಡಳು.

"ಹೋದ ವರ್ಷ ಒಬ್ಬರು ಒಂದೇ ಕಿಲೋ ಅಂತ ಹತ್ತಿದ್ರು ಅಕ್ಕ. ಒಂದು ಹಲಗೇನ ಎರಡು ಮಾಡಿಕೊಟ್ಟು ಹೋದ್ರು." ಮಾಸ್ತರ ದನಿ ತಗ್ಗಿಸಿದ. "ಬೇಜಾರು ಮಾಡ್ಕೋಬೇಡಿ ಅಣ್ಣ. ನಿಮ್ಮ ಹಳೇ ಜಾಗ ಖಾಲಿ ಇದೆ. ಸ್ವಲ್ಪ ಮಲಗಿದ್ರೆ ಬ್ಯಾಚಿಗೂ ಅನುಕೂಲ."

"ಮಲಗಲ್ಲ!" ತಕ್ಕಡಿಯಣ್ಣ ಅಂಗಿ ಕಳಚಿ ಎಸೆದ. "ಹಲಗೆ ಬೇಡ. ನಾನೇ ಈಜ್ಕೊಂಡು ಹೋಗಿ ಆ ದೊಡ್ಡ ಅಲೇನ ಒಂದು ಸಲ ಮುಟ್ಟಿ ಬರ್ತೀನಿ."

ನೀರಿಗಿಳಿದ. ಮಂಡಿಯವರೆಗೆ ಹೋದ, ಸೊಂಟದವರೆಗೆ ಹೋದ. ಮಡಿಸುವ ಕುರ್ಚಿಯಲ್ಲಿ ಕೂತು ಆಕಾಶ ನೋಡುತ್ತಿದ್ದ ಅಮ್ಮ ತಟ್ಟನೆ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. ಕೆಂಪು ಕೊಡೆ ಹಿಡಿದುಕೊಂಡೇ ನೀರಿನ ಕಡೆ ಓಡಿದಳು.

"ನಿಲ್ಲೋ! ಮುಂದೆ ಹೋಗ್ಬೇಡ! ಚಡ್ಡಿ ಬಿಚ್ಚೋ!"

ಇಡೀ ದಡ ಅವರ ಕಡೆ ತಿರುಗಿತು.

"ಏನಮ್ಮಾ?"

"ಚಡ್ಡಿ ಬಿಚ್ಚು ಅಂದೆ! ಅದ್ರಲ್ಲಿ ತೂಕದ ಕಲ್ಲು ಹೊಲಿದಿದೀನಿ, ಮುಳುಗಿ ಹೋಗ್ತೀಯ ಕಣೋ!"

ತಕ್ಕಡಿಯಣ್ಣ ಸೊಂಟದ ಮಡಿಕೆಯನ್ನು ಮುಟ್ಟಿ ನೋಡಿಕೊಂಡ. ದುಂಡಗೆ, ಸಾಲಾಗಿ, ಹಿತ್ತಾಳೆಯವು.

"ಎಷ್ಟಿವೆ?"

"ಎಲ್ಲ ಸೇರಿ ಎರಡು ಕಿಲೋ. ನಿನ್ನ ಅಂಗಡಿಯವೇ ತಂದೆ. ಬೇರೆಯವರ ಕಲ್ಲನ್ನ ನಂಬೋಕಾಗುತ್ತಾ?"

"ಯಾಕಮ್ಮ ಹೀಗೆ ಮಾಡ್ದೆ?"

ಅಮ್ಮ ಕೊಡೆಯನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸಿದಳು. "ದಡದಲ್ಲಿ ಮಲಗಿದ್ರೆ ನೀನು ಕಾಣ್ತೀಯ. ಅಷ್ಟು ದೂರ ನೀರೊಳಗೆ ಹೋದ್ರೆ ಎಲ್ಲ ಬರೀ ತಲೆಗಳು. ಯಾವ ತಲೆ ನಿಂದು ಅಂತ ನಾನು ಹೇಗೆ ಹುಡುಕ್ಲಿ?"

ತಕ್ಕಡಿಯಣ್ಣ ನೀರಿಂದ ಮೇಲೆ ಬಂದು, ಬಿದ್ದಿದ್ದ ಕುರ್ಚಿಯನ್ನು ಎತ್ತಿ ತಂದು, ಹೋದ ಸಲ ತಾನು ಮಲಗಿದ್ದ ಜಾಗದಲ್ಲೇ ಬಿಡಿಸಿಟ್ಟ. ಅಮ್ಮನನ್ನು ಕೂರಿಸಿದ. ಕೊಡೆಯನ್ನು ನೆಟ್ಟಗೆ ಮಾಡಿದ.

"ನೀನು ನನ್ನನ್ನ ಹುಡುಕ್ಬೇಡ. ಇಲ್ಲೇ ಕೂತಿರು. ನಾನೇ ನಿನ್ನನ್ನ ಹುಡುಕ್ಕೊಂಡು ಬರ್ತೀನಿ."

ಮಾಸ್ತರನ ಹಳೆಯ ಚಡ್ಡಿಯೊಂದನ್ನು ಸಾಲ ಪಡೆದು ಮತ್ತೆ ತಕ್ಕಡಿ ಹತ್ತಿದ. ತೊಂಬತ್ತನಾಲ್ಕು. ಆ ಚಡ್ಡಿ ಅವನಿಗೆ ಅಲ್ಲಲ್ಲಿ ಮಾತ್ರ ಹಿಡಿಸಿತ್ತು. ಅದರ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ.

ಮೊದಲ ಅಲೆ ಅವನನ್ನು ಹಿಂದಕ್ಕೆ ಎಸೆಯಿತು. ಮುಂದಿನದು ಮುಂದಕ್ಕೆ ಎಸೆಯಿತು. ಅದರ ಮುಂದಿನದು ಅವನನ್ನು ಮುಟ್ಟದೆ ಹಲಗೆಯನ್ನು ಮಾತ್ರ ತೆಗೆದುಕೊಂಡು ಹೋಯಿತು. ಮೂಗು ಬಾಯಿ ಕಿವಿಗಳಲ್ಲೆಲ್ಲ ಉಪ್ಪು. ಮತ್ತೆ ಹಲಗೆಯ ಮೇಲೆ ಬೋರಲು ಬಿದ್ದು, ಬೆನ್ನ ಹಿಂದೆ ನೀರು ಉಬ್ಬಿಕೊಂಡು ಬರುತ್ತಿರುವುದನ್ನು ಅರಿತು, ಏಳಲಾರೆ ಎಂದು ಅವನು ಅಂದುಕೊಳ್ಳುವಷ್ಟರಲ್ಲಿ ದಡದಿಂದ ಸೀಟಿ ಕೇಳಿಸಿತು.

ದೇಹ ಅವನ ಅಪ್ಪಣೆಗೆ ಕಾಯಲಿಲ್ಲ. ನಡುಮನೆಯ ಚಾಪೆಯಿಂದ ಪುಟಿಯುವಂತೆ ಪುಟಿಯಿತು. ಕಣ್ಣು ಬಿಟ್ಟರೆ ನಿಂತಿದ್ದ! ಸಮುದ್ರದ ಮೇಲೆ, ಎರಡು ಕಾಲಲ್ಲಿ, ಏನನ್ನೂ ಹಿಡಿಯದೆ. ಎಡಕ್ಕೆ ಬಂಡೆ, ಬಲಕ್ಕೆ ಬಲೆ. ನಡುವೆ ಕೆಂಪು ಕೊಡೆ, ಕೊಡೆಯ ಕೆಳಗೆ ಅಮ್ಮ. ಅವನು ಅಮ್ಮನನ್ನೇ ನೋಡುತ್ತ ನೇರ ಬಂದ. ಹಲ್ಲೆಲ್ಲ ಗಾಳಿಗೆ ಒಣಗುವಷ್ಟು ನಗುತ್ತ ಬಂದ.

ನಿಲ್ಲಿಸುವುದು ಹೇಗೆಂದು ಮಾತ್ರ ಯಾರೂ ಅವನಿಗೆ ಕಲಿಸಿರಲಿಲ್ಲ. ಹಲಗೆ ಮರಳಿಗೆ ಕಚ್ಚಿಕೊಂಡಿತು. ತಕ್ಕಡಿಯಣ್ಣ ಹಲಗೆ ಬಿಟ್ಟು ಮುಂದುವರಿದು, ಉರುಳಿ, ಅಮ್ಮನ ಪಾದದ ಹತ್ತಿರ ಬಂದು ಬಿದ್ದ.

"ಬಂದ್ಯಾ?" ಎಂದಳು ಅಮ್ಮ. ತಲೆಯ ಮೇಲಿನ ಮರಳು ಕೊಡವಿ, ಸೆರಗಿನ ಕೆಳಗಿಂದ ಡಬ್ಬಿ ತೆಗೆದು ಒಂದು ತುಂಡು ಬೆಣ್ಣೆ ಬ್ರೆಡ್ಡು ಅವನ ಬಾಯಿಗಿಟ್ಟಳು. ಪೀಟಿ ಮೇಡಂ ನೋಡಿದರೂ ನೋಡದವಳಂತೆ ಸೀಟಿಯನ್ನು ಒರೆಸುತ್ತಿದ್ದಳು. ಅವಳ ಕಣ್ಣೂ ಒದ್ದೆಯಾಗಿತ್ತು, ಅದು ಸಮುದ್ರದ ಗಾಳಿಗೆ ಎಂದು ಆಮೇಲೆ ಹೇಳಿಕೊಂಡಳು.

ತಕ್ಕಡಿಯಣ್ಣ ಇನ್ನೊಂದು ಸಲ ಹೋದ, ಮತ್ತೊಂದು ಸಲ ಹೋದ. ಸೂರ್ಯ ನೆತ್ತಿಗೆ ಬಂದ. ಊಟಕ್ಕೆ ಹೊರಡೋಣವೆಂದು ಪೀಟಿ ಮೇಡಂ ಕುರ್ಚಿಯ ಹತ್ತಿರ ಬಂದಳು.

"ಏಳಿ ಅತ್ತೆ, ಹೊಟ್ಟೆ ಹಸೀತಿದೆ."

ಅಮ್ಮ ಅಲುಗಲಿಲ್ಲ. ಕಣ್ಣು ಕಿರಿದು ಮಾಡಿ ದೂರದ ನೀರನ್ನು ನೋಡುತ್ತ, ಕೊಡೆಯನ್ನು ಇನ್ನಷ್ಟು ಎತ್ತರಕ್ಕೆ ಹಿಡಿದಳು. ಅಲ್ಲಿ ಮಾಸ್ತರ ಹಲಗೆ ಹಿಡಿದ ಹೊಸ ತಂಡಕ್ಕೆ ಅವಳನ್ನೇ ಬೆರಳು ಮಾಡಿ ತೋರಿಸುತ್ತಿದ್ದ.

"ನೀವಿಬ್ರೂ ಹೋಗಿ ಬನ್ನಿ" ಎಂದಳು. "ನಾನು ಹೇಗೆ ಏಳಲಿ? ಮಧ್ಯಾಹ್ನದ ಬ್ಯಾಚ್ ಇದೆ."