ಎಡಕ್ಕೆ ಬಿದ್ದ ಹೂವು

ಐವತ್ತೆರಡನೇ ವಯಸ್ಸಿನಲ್ಲಿ ಹೆಂಗಸೊಬ್ಬಳು ಕಾಶಿಗೆ ಹೋಗುತ್ತೇನೆ ಎಂದರೆ ಊರು ಕೈಮುಗಿಯುತ್ತದೆ. ಸುಮ್ಮನೆ ಊರೂರು ತಿರುಗುತ್ತೇನೆ, ಮೈಗೆ ಹಿತವಾಗಿದೆ ಎಂದರೆ ಅದೇ ಊರು ತಲೆ ಕೆಟ್ಟಿದೆ ಅನ್ನುತ್ತದೆ. ಚೌಳಹಿರಿಯೂರಿನ ಶಕುಂತಲಮ್ಮ ಕಾಶಿಯ ಹೆಸರು ಹೇಳಿ ಪಾರಾಗಬಹುದಿತ್ತು. ಹೇಳಲಿಲ್ಲ. ಸುಳ್ಳು ಹೇಳಿ ಹೋಗೋಕೆ ತಾನೇನು ಕಳ್ಳಿಯೇ ಎಂದು ಅವಳ ವಾದ.

ಮೂರು ವರ್ಷದಿಂದ ಅವಳಿಗೆ ಬಿಪಿ. ಕಣ್ಣಿಗೆ ನಿದ್ದೆಯಿಲ್ಲ, ಎದೆಯಲ್ಲಿ ಸದಾ ಡವಡವ. ಮಾತ್ರೆ ಬದಲಾಯಿತು, ಡಾಕ್ಟರ್ ಬದಲಾದರು, ಬಿಪಿ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಹೋದ ಶ್ರಾವಣದಲ್ಲಿ ಅಜ್ಜಂಪುರದ ಗೆಳತಿ ಕಾಮಾಕ್ಷಮ್ಮ, ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡೊಂದಿದ್ದರೆ ಸಾಕು ಎಂದು ಅವಳನ್ನು ಎಳೆದುಕೊಂಡು ಹೋದಳು. ಮಠಗಳಲ್ಲಿ ಊಟ, ಛತ್ರಗಳಲ್ಲಿ ನಿದ್ದೆ, ಹನ್ನೊಂದು ದಿನ, ಬೀದರಿನವರೆಗೆ. ಚಿತ್ರದುರ್ಗ ದಾಟುವಷ್ಟರಲ್ಲೇ ಶಕುಂತಲಮ್ಮ ಕಿಟಕಿಗೆ ತಲೆ ಆನಿಸಿ ಗೊರಕೆ ಹೊಡೆಯುತ್ತಿದ್ದಳಂತೆ. ಬಂದು ತರೀಕೆರೆಯಲ್ಲಿ ತೋರಿಸಿದರೆ ಬಿಪಿ ಹದಕ್ಕೆ ಬಂದಿತ್ತು. ಮನೆಯಲ್ಲಿ ಒಂದು ತಿಂಗಳಿದ್ದಳು, ಏರಿತು. ಮತ್ತೆ ಹೋದಳು, ಇಳಿಯಿತು. ಇಷ್ಟಾದ ಮೇಲೆ ಅವಳು ತೀರ್ಮಾನ ಮಾಡಿಬಿಟ್ಟಳು: ಮಾತ್ರೆ ಜೊತೆಗಿರಲಿ, ಇನ್ನು ವರ್ಷಪೂರ್ತಿ ತಿರುಗಾಟವೇ. ಯುಗಾದಿಗೂ ಗೌರಿ ಹಬ್ಬಕ್ಕೂ ಮನೆಗೆ ಬಂದರಾಯಿತು.

ಗಂಡ ಕರಿಯಪ್ಪ ತೆಂಗಿನ ತೋಟದ ಯಜಮಾನ. ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಆದರೆ ಆ ಮನೆಯಲ್ಲಿ ಸಂಜೆ ಯಾವ ಸಾರು ಆಗಬೇಕು ಎನ್ನುವುದನ್ನೂ ಅವನೇ ಹೇಳಬೇಕು. ನಡೆದಾಡಬೇಕಾದರೆ ತೋಟವಿದೆಯಲ್ಲ ಎಂದ. ಮೂವತ್ತೊಂದು ವರ್ಷ ಆ ತೋಟದಲ್ಲಿ ನಡೆದೇ ಈ ಕಾಯಿಲೆ ಬಂದದ್ದು ಎಂದಳು ಅವಳು. ಮಗಳು ಸ್ಫೂರ್ತಿ ಫೋನಿನಲ್ಲಿ ಅಮ್ಮನ ಪರ ವಹಿಸಿದಾಗ ಅವನು ಫೋನನ್ನೇ ಇಟ್ಟುಬಿಟ್ಟ. ಕೊನೆಗೆ, ಊರದೇವಿ ಕೆಂಚಮ್ಮನ ಹತ್ತಿರ ಹೂ ಕೇಳೋಣ, ಅವಳು ಒಪ್ಪಿದರೆ ನಾನು ಅಡ್ಡ ಬರುವುದಿಲ್ಲ ಎಂದ. ಹೂ ಕೇಳದೆ ಆ ಮನೆಯವರು ಬಾವಿಯನ್ನೂ ತೋಡಿಸಿದವರಲ್ಲ. ದೇವಿಯ ಮೈಗೆ ಒದ್ದೆ ಹೂ ಅಂಟಿಸಿ ಕಾಯುತ್ತಾರೆ. ಬಲಕ್ಕೆ ಬಿದ್ದರೆ ಆಗಲಿ ಎಂದು ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ.

ಮಂಗಳವಾರ ಬೆಳಿಗ್ಗೆ ಗುಡಿಗೆ ಶಕುಂತಲಮ್ಮ ಬ್ಯಾಗು ಹಿಡಿದೇ ಬಂದಳು. ಅದನ್ನು ನೋಡಿ ಪೂಜಾರಿ ಹೊನ್ನಯ್ಯನಿಗೂ ಮುಜುಗರವಾಯಿತು. ಕರಿಯಪ್ಪ ದೇವಿಗೆ ವಿಷಯ ಅರಿಕೆ ಮಾಡಿದ. ಹೆಚ್ಚು ಕಾಯುವ ಕೆಲಸವೇ ಬೀಳಲಿಲ್ಲ. ಬಿಳಿ ಸೇವಂತಿಗೆಯೊಂದು ಜಾರಿ ಎಡಕ್ಕೆ ಬಿತ್ತು.

ಕರಿಯಪ್ಪನ ಮುಖ ಅರಳಿತು. ಎಡದ ಹೂವನ್ನು ಯಾರೂ ಮುಟ್ಟುವುದಿಲ್ಲ, ಅದು ಅಲ್ಲೇ ಬಾಡಬೇಕು. ಶಕುಂತಲಮ್ಮ ಅದನ್ನೇ ಕೊಡಿ ಎಂದು ಹೊನ್ನಯ್ಯನ ಮುಂದೆ ಕೈ ಚಾಚಿದಳು. ಅವನು ತಡವರಿಸಿದ. ಅವಳು ಚಾಚಿದ ಕೈ ಹಿಂದಕ್ಕೆ ಹೋಗಲೇ ಇಲ್ಲ. ಕಡೆಗೆ ಅವನೇ ಸೋತು ಕೊಟ್ಟ. ಅವಳು ಮುಡಿದುಕೊಂಡಳು. ಅವಳಿಗೆ ಭಯವೂ ಆಗಿತ್ತು.

"ದೇವಿ ಬ್ಯಾಡ ಅಂದ್ಲು ಕಣೇ," ಎಂದ ಕರಿಯಪ್ಪ.

"ಕೇಳಿಸ್ತು. ನನ್ನ ನಿಮ್ಮ ಮನೆಗೆ ತರೋಕೆ ಮುಂಚೆ ನಿಮ್ಮವ್ವ ಇಲ್ಲೇ ಹೂ ಕೇಳಿದ್ರಂತೆ. ಬಲಕ್ಕೆ ಬಿದ್ದಿತ್ತಂತೆ. ಬಲಗಡೆ ಹೂವಿನ ಬಾಳ್ವೆ ಮೂವತ್ತೊಂದು ವರ್ಷ ಮಾಡಿದ್ದೀನಿ. ಎಡಗಡೇದು ಹೆಂಗಿರ್ತದೋ ಅದನ್ನೂ ನೋಡ್ತೀನಿ. ತಪ್ಪಾದ್ರೆ ಕೆಂಚಮ್ಮ ನನ್ನೇ ಕೇಳ್ಲಿ, ನಾನೇ ಹೇಳ್ಕತೀನಿ."

ಹೊನ್ನಯ್ಯ ಗರ್ಭಗುಡಿಯೊಳಗೆ ಇಲ್ಲದ ಕೆಲಸ ಹುಡುಕಿಕೊಂಡು ಹೋದ. ಶಕುಂತಲಮ್ಮ ದೇವಿಗೆ ಅಡ್ಡಬಿದ್ದು ಎದ್ದು, ಬ್ಯಾಗು ಎತ್ತಿಕೊಂಡು ಕಡೂರಿನ ಬಸ್ಸು ನಿಲ್ಲುವಲ್ಲಿಗೆ ನಡೆದಳು. ಕರಿಯಪ್ಪ ಹಿಂದೆಯೇ ಬಂದ. ದಾರಿಯುದ್ದಕ್ಕೂ ಬೈದ, ಆಮೇಲೆ ಹೊಗಳಿದ. ಬಸ್ಸು ಬಂದು ನಿಂತಾಗ ಅವನ ದನಿ ಇಳಿದಿತ್ತು. ಪಾಪ ಅನಿಸುವಂತೆಯೇ ಕೇಳಿದ.

"ಊರೋರು ಕೇಳಿದ್ರೆ ನಾನೇನಂತ ಹೇಳ್ಲಿ?"

ಅವಳಿಗೂ ಪಾಪ ಅನಿಸಿತು. ಆದರೂ ಒಂದು ಕಾಲು ಮೆಟ್ಟಿಲ ಮೇಲಿಟ್ಟಾಗಿತ್ತು.

"ಚೆನ್ನಾಗವ್ಳೆ ಅಂತ ಹೇಳಿ," ಎಂದು ಹತ್ತಿದಳು.