ಹನ್ನೊಂದು ಸೆಕೆಂಡಿನ ಕ್ಲಾರಿನೆಟ್

ಬಾನುಲಿ ಕೇಂದ್ರದ ಮೂಲೆಕೋಣೆಯಲ್ಲಿ ಎಲ್ಲ ವರ್ಷಕ್ಕೂ ಮುನ್ನೂರ ಅರವತ್ತಾರು ದಿನ. ಕಬ್ಬಿಣದ ಕಪಾಟಿನಲ್ಲಿ ದಿನಕ್ಕೊಂದು ರಟ್ಟಿನ ಖಾನೆ. ಆ ದಿನ ಹುಟ್ಟಿದವರು, ಸತ್ತವರು, ಉದ್ಘಾಟನೆಯಾದ ಸೇತುವೆಗಳು, ಮುಳುಗಿದ ಹಡಗುಗಳು, ಮೊದಲ ಸಲ ಮುದ್ರಣವಾದ ಹಾಡುಗಳು, ಎಲ್ಲವೂ ಅಂಗೈಯಗಲದ ಕಾರ್ಡುಗಳಾಗಿ ಅಲ್ಲಿ ಮಲಗಿರುತ್ತಿದ್ದವು. ಬೆಳಗ್ಗೆ ಏಳೂ ಇಪ್ಪತ್ತಕ್ಕೆ ಬರುವ ‘ಈ ದಿನ’ ಎಂಬ ಐದು ನಿಮಿಷದ ಕಾರ್ಯಕ್ರಮವನ್ನು ಈ ಕಾರ್ಡುಗಳಿಂದ ಬರೆದುಕೊಡುವುದು ಅವಳ ಕೆಲಸ. ಆರು ವರ್ಷದಿಂದ ಮಾಡುತ್ತಿದ್ದಳು. ನಿಯಮ ಒಂದೇ: ಎರಡು ಕಾಗದದ ಸಾಕ್ಷಿ ಇಲ್ಲದ ಸಂಗತಿಯನ್ನು ಓದುವ ಹಾಗಿಲ್ಲ. ಸಾಕ್ಷಿಗಳನ್ನು ಕಾರ್ಡಿನ ಬೆನ್ನಿಗೆ ಬರೆದು ಸಹಿ ಹಾಕಬೇಕು.

ಮುಂದಿನ ವಾರದ ಖಾನೆಯಲ್ಲಿ ಅವಳ ಮನೆಯದೇ ಒಂದು ಕಾರ್ಡಿತ್ತು. ಕೇಂದ್ರದ ಸ್ಟುಡಿಯೋದಲ್ಲಿ ಪೂರ್ಣ ವಾದ್ಯವೃಂದದೊಂದಿಗೆ ಮುದ್ರಣವಾದ ಮೊದಲ ಹಾಡಿನದು. ಹಾಡಿನ ಮಾತು ಮರೆತವರೂ ಅದರ ನಡುವೆ ಬರುವ ಹನ್ನೊಂದು ಸೆಕೆಂಡಿನ ಕ್ಲಾರಿನೆಟ್ಟನ್ನು ಮರೆತಿರಲಿಲ್ಲ. ತರಕಾರಿ ಹೆಚ್ಚುವಾಗ, ಬಸ್ಸಿಗೆ ಕಾಯುವಾಗ ಜನ ಅದನ್ನು ಗುನುಗುತ್ತಿದ್ದರು. ಕ್ಲಾರಿನೆಟ್ ಎಂಬುದರ ಮುಂದೆ ಬರೆದಿದ್ದ ಹೆಸರು ಅವಳ ಮಾವನದು. ಅವಳು ಕೇಂದ್ರಕ್ಕೆ ಸೇರಿದ ಮೇಲೆ ಪ್ರತಿ ವರ್ಷ ಆ ಬೆಳಗ್ಗೆ ಅತ್ತೆ ರೇಡಿಯೋದ ಧೂಳು ಒರೆಸಿ, ತಂಗಿಯನ್ನೂ ಅಕ್ಕಪಕ್ಕದವರನ್ನೂ ಕರೆದು ಕೂರಿಸುತ್ತಿದ್ದರು. “ಅಷ್ಟು ಊದಿದ್ದಕ್ಕೇ ನಾನು ಈ ಮನುಷ್ಯನ್ನ ಒಪ್ಪಿದ್ದು. ಇಲ್ಲಾಂದ್ರೆ ಈ ಮುಖಕ್ಕೆ ಯಾರು ಒಪ್ತಿದ್ರು?” ಎನ್ನುವುದು ಅವರ ವಾಡಿಕೆಯ ಮಾತು. ಮಾವ ತಲೆ ತಗ್ಗಿಸಿ ನಗುತ್ತಿದ್ದರು.

ಈ ಸಲ ಐವತ್ತು ತುಂಬುತ್ತಿತ್ತು. ಮಾವನನ್ನು ಸ್ಟುಡಿಯೋಗೆ ಕರೆಸಿ ಮೂರು ನಿಮಿಷ ಮಾತಾಡಿಸಬೇಕೆಂದು ಕೇಂದ್ರದ ಮುಖ್ಯಸ್ಥರು ಹೇಳಿದ್ದರು. ಅತ್ತೆ ಆಗಲೇ ಅವರ ಅಂಗಿ ಇಸ್ತ್ರಿಗೆ ಕೊಟ್ಟಿದ್ದರು.

ಪ್ರಸಾರಕ್ಕೆ ನಾಲ್ಕು ದಿನ ಮುಂಚೆ, ತೀರಿಕೊಂಡ ಹಳೆಯ ರೆಕಾರ್ಡಿಸ್ಟನ ಮಗಳು ಒಂದು ಚೀಲದ ತುಂಬ ದಿನಚರಿಗಳನ್ನು ತಂದು ಮೇಜಿನ ಮೇಲಿಟ್ಟು ಹೋದಳು. ಇವಳು ಆಸೆಯಿಂದಲೇ ಹಾಡು ಮುದ್ರಣವಾದ ತಾರೀಕು ತೆಗೆದಳು. ಪೆನ್ಸಿಲಿನ ಇರುವೆ ಅಕ್ಷರಗಳಲ್ಲಿ ಹೀಗಿತ್ತು: ‘ಕ್ಲಾರಿನೆಟ್ಟಿನವನು ಸೈಕಲ್ಲಿನಿಂದ ಬಿದ್ದು ತುಟಿ ಒಡೆದುಕೊಂಡು ಬಂದ. ಊದಲಾಗಲಿಲ್ಲ. ವಾದ್ಯದ ಕೀಲಿ ರಿಪೇರಿಗೆ ಬಂದಿದ್ದವನು ಊದಿದ. ಮೂರನೆಯ ಟೇಕ್ ಸರಿ.’ ರಿಪೇರಿಯವನ ಹೆಸರೂ ಇತ್ತು.

ಅವಳು ಕಾರ್ಡು ತಿರುಗಿಸಿ ನೋಡಿದಳು. ಮೊದಲನೆಯ ಸಾಕ್ಷಿ ಸ್ಟುಡಿಯೋದ ಹಾಜರಿ ಪುಸ್ತಕ. ಮಾವ ಅಂದು ಬಂದಿದ್ದರು, ಸಹಿ ಹಾಕಿದ್ದರು, ಅದೇನೂ ಸುಳ್ಳಲ್ಲ. ಎರಡನೆಯದು ಒಂದು ಪತ್ರಿಕೆಯ ಪುರವಣಿ. ಅದರ ಕೆಳಗಿದ್ದದ್ದು ಅವಳದೇ ಸಹಿ. ಕೆಲಸಕ್ಕೆ ಸೇರಿದ ಹೊಸತು, ಆ ಮನೆಗೆ ಸೊಸೆಯಾಗಿ ಬಂದದ್ದೂ ಆ ವರ್ಷವೇ. ಒಂದೇ ಸಾಕ್ಷಿಯ ಈ ಕಾರ್ಡು ಓದಿಸಿಕೊಳ್ಳದೆ ಬಿದ್ದಿತ್ತು. ಪುರವಣಿಯವನೊಬ್ಬ ಫೋನ್ ಮಾಡಿ ಆ ಕ್ಲಾರಿನೆಟ್ ಯಾರದೆಂದು ಕೇಳಿದ. ಅವಳು ಕಾರ್ಡು ನೋಡಿ ಹೇಳಿದಳು. ಅವನು ಅಚ್ಚು ಹಾಕಿಸಿದ. ಅವಳು ಅದನ್ನೇ ಕತ್ತರಿಸಿ ಎರಡನೆಯ ಸಾಕ್ಷಿಯೆಂದು ದಾಖಲಿಸಿದಳು. ತಾನು ಕೂಗಿದ್ದು ಗೋಡೆಗೆ ತಾಗಿ ತಿರುಗಿ ಬಂದರೆ ಇನ್ನೊಬ್ಬರು ಹೌದೆಂದರು ಅಂದುಕೊಂಡ ಹಾಗೆ. ತಿಳಿಯದೆ ಮಾಡಿದ್ದಲ್ಲ. ಅತ್ತೆಯ ಬಾಯಲ್ಲಿ ಒಂದು ಒಳ್ಳೆಯ ಮಾತು ಬೇಕಿತ್ತು, ಸಿಕ್ಕಿತು.

ಮುಖ್ಯಸ್ಥರಿಗೆ ಹೇಳಿದಳು. ಅವರು ಕಡತದಿಂದ ತಲೆಯೆತ್ತದೆ, ವಾದ್ಯವೃಂದದವರು ನುಡಿಸಿದರು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಬರೆದುಬಿಡು, ಮಾವನಿಗೆ ಜ್ವರ ಅನ್ನು ಎಂದರು. ತಿದ್ದಲೇಬೇಕೆಂದಿದ್ದರೆ ನಿಯಮ ಗೊತ್ತಲ್ಲ, ದಿನಚರಿ ಒಂದಾಯಿತು, ಇನ್ನೊಂದು ತಾ ಎಂದರು. ಇನ್ನೊಂದು ಸಾಕ್ಷಿ ಜಗತ್ತಿನಲ್ಲಿ ಉಳಿದಿದ್ದದ್ದು ಒಂದೇ ಕಡೆ. ಅದು ಅವಳ ಮನೆಯ ತಾರಸಿಯ ಮೇಲೆ ಬಟ್ಟೆ ಹರವುತ್ತಿತ್ತು.

“ಮಾವ, ಆ ಹಾಡಿಗೆ ಊದಿದ್ದು ನೀವಾ?”

ಮಾವನ ಬಾಯಲ್ಲಿ ಎರಡು ಕ್ಲಿಪ್ಪುಗಳಿದ್ದವು. ಒಂದನ್ನು ತೆಗೆದು ಬೆಡ್‌ಶೀಟಿಗೆ ಸಿಕ್ಕಿಸಿದರು. ಇನ್ನೊಂದನ್ನೂ ಸಿಕ್ಕಿಸಿದರು.

“ಯಾರು ಹೇಳಿದ್ದು?”

“ರೆಕಾರ್ಡಿಸ್ಟ್ ಬರೆದಿಟ್ಟಿದ್ದಾರೆ.”

“ಸತ್ತ ಮೇಲೂ ಬಿಡಲಿಲ್ಲ ನೋಡು ಆಸಾಮಿ.”

ಆಮೇಲೆ ಅವರು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಹೇಳಿದ್ದಿಷ್ಟು. ತಾನೇ ಊದಿದೆ ಎಂದು ಅವರು ಯಾರಿಗೂ, ಯಾವತ್ತೂ ಹೇಳಿದವರಲ್ಲ. ಹಾಡು ಹೊರಬಂದ ಎರಡು ವರ್ಷಕ್ಕೆ ಗೆಳೆಯನೊಬ್ಬ ತನ್ನ ಮನೆಯಲ್ಲಿ ಒಂದು ಹುಡುಗಿಗೆ, ಆ ಕ್ಲಾರಿನೆಟ್ ಇವನದೇ ಎಂದು ಪರಿಚಯ ಮಾಡಿಸಿದ. ಅಷ್ಟರವರೆಗೆ ಕಿಟಕಿಯ ಕಡೆ ನೋಡುತ್ತಿದ್ದ ಹುಡುಗಿ ಇವರ ಕಡೆ ತಿರುಗಿದಳು.

“ಆವತ್ತೇ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಆಮೇಲೆ ಹೇಳೋಕೆ ಒಳ್ಳೇ ದಿನ ಸಿಗಲಿಲ್ಲ.”

“ನಲವತ್ತೆಂಟು ವರ್ಷದಲ್ಲಿ?”

“ಹುಂ. ನಿನ್ನ ಕಪಾಟಲ್ಲಿ ಇದ್ರೆ ಕೊಡು.”

ಅವಳು ನಗಲಿಲ್ಲ. ಪುರವಣಿಯ ಕಥೆ ಹೇಳಿದಳು; ಮಾವನ ಸುಳ್ಳು ಮನೆಯೊಳಗಿತ್ತು, ಅದಕ್ಕೆ ಚಪ್ಪಲಿ ಹಾಕಿ ಬೀದಿಗೆ ಕಳಿಸಿದವಳು ತಾನು. ಕಾರ್ಡು ತಿದ್ದದೆ ಬಿಡುವುದಿಲ್ಲ, ಅದಕ್ಕೆ ಅವರದೇ ಕೈಬರಹ ಬೇಕು, ಅತ್ತೆಗೆ ಹೇಳುವುದು ಬಿಡುವುದು ಮಾತ್ರ ಅವರಿಗೆ ಸೇರಿದ್ದು ಎಂದಳು. ಮಾವ ಕಡ್ಡಿ ಮುರಿದಂತೆ ಆಗುವುದಿಲ್ಲ ಎಂದರು. ಎರಡು ದಿನ ಅವಳ ಎದುರು ಊಟಕ್ಕೆ ಕೂರಲಿಲ್ಲ. ಮೂರನೆಯ ದಿನ ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ ಮಡಚಿದ ಹಾಳೆಯೊಂದನ್ನು ಕೈಗಿತ್ತರು. ಎರಡು ಸಾಲು, ಕೆಳಗೆ ಸಹಿ, ತಾರೀಕು.

“ಅವಳಿಗೆ ನಾನೇ ಹೇಳ್ತೀನಿ. ನಾಳೆ ರೇಡಿಯೋ ಹಚ್ಚೋದ್ರೊಳಗೆ,” ಎಂದರು.

ಮರುದಿನ ಅವಳು ಆರಕ್ಕೇ ಕೇಂದ್ರದಲ್ಲಿದ್ದಳು. ಮಾವನ ಮಾತುಕತೆ ರದ್ದಾಗಿತ್ತು; ಅತ್ತೆಗೆ ಅಷ್ಟನ್ನು ಹಿಂದಿನ ರಾತ್ರಿಯೇ ತಿಳಿಸಿ, ಕಾರಣವನ್ನು ಮಾವನಿಗೆ ಬಿಟ್ಟಿದ್ದಳು. ಉದ್ಘೋಷಕ ಒಂದು ಸೇತುವೆಯನ್ನೂ ಒಬ್ಬ ಗಣಿತದ ಪಂಡಿತನ ಹುಟ್ಟನ್ನೂ ಮುಗಿಸಿ, ಐವತ್ತು ವರ್ಷದ ಹಿಂದಿನ ಹಾಡಿಗೆ ಬಂದ. ರಿಪೇರಿಯವನ ಹೆಸರು ಓದಿದ. ಇದುವರೆಗೆ ಪ್ರಸಾರವಾದ ಹೆಸರು ತಪ್ಪು, ತಪ್ಪು ಈ ವಿಭಾಗದ್ದು ಎಂದೂ ಓದಿದ. ಅದು ಅವಳೇ ಬರೆದ ವಾಕ್ಯ. ಆಮೇಲೆ ಕ್ಲಾರಿನೆಟ್ ಹನ್ನೊಂದು ಸೆಕೆಂಡು ಕೇಳಿಸಿತು. ಊದಿದವರು ಬದಲಾದರೂ ಅದು ಅಷ್ಟೇ ಚೆನ್ನಾಗಿತ್ತು.

ಒಂಬತ್ತೂವರೆಗೆ ಮನೆ ಸೇರಿದಾಗ ಹಜಾರದಲ್ಲಿ ಖಾಲಿ ಕುರ್ಚಿಗಳು ಅರ್ಧಚಂದ್ರಾಕಾರದಲ್ಲಿ ಇದ್ದಲ್ಲೇ ಇದ್ದವು. ಬಂದವರು ಎದ್ದುಹೋಗಿದ್ದರು. ಮಾವ ಇಸ್ತ್ರಿಯ ಅಂಗಿ ತೊಟ್ಟು ಗೋಡೆಗೊರಗಿದ ಕುರ್ಚಿಯಲ್ಲಿ ಕೂತಿದ್ದರು. ಅವರು ಹೇಳಿರಲಿಲ್ಲ ಎಂಬುದು ಆ ಅಂಗಿಯಿಂದಲೇ ತಿಳಿಯುತ್ತಿತ್ತು.

ಅತ್ತೆ ಫೋನಿನ ಪಕ್ಕ ನಿಂತಿದ್ದರು. ಎರಡು ಕಾಗದದ ನಿಯಮ ಅವರಿಗೂ ಗೊತ್ತಿತ್ತು; ಸೊಸೆಯನ್ನು ಕಂಡು ಒಂದೇ ಪ್ರಶ್ನೆ ಕೇಳಿದರು.

“ಕಾಗದ ಇವರೇ ಬರೆದುಕೊಟ್ಟಿದ್ದಾ?”

“ಹೌದು ಅತ್ತೆ.”

“ನಿನಗೆ ಬರೆದುಕೊಡೋಕೆ ಇವರಿಗೆ ಬಂತು.” ಅವರು ಗಂಡನ ಕಡೆ ತಿರುಗಿದರು. “ನಿಮ್ಮ ಬಾಯಿಂದ ಮಾತು ಬರಲ್ಲ ಅಂತ ಗೊತ್ತಿತ್ತು. ಗಾಳೀನೂ ಬಂದಿರಲಿಲ್ಲ ಅಂತ ಗೊತ್ತಿರಲಿಲ್ಲ.”

ಫೋನ್ ಬಡಿದುಕೊಂಡಿತು. ಅತ್ತೆಯ ತಂಗಿ. ಸೊಸೆ ಬೇಕೆಂದೇ ಮಾವನ ಹೆಸರು ಅಳಿಸಿದಳು, ಇಂಥವಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದೀಯಲ್ಲ ಎಂದು ಆಕೆ ಕೂಗುತ್ತಿದ್ದುದು ಕೋಣೆಯ ಈಚೆಗೂ ಕೇಳುತ್ತಿತ್ತು. ಅತ್ತೆ ಪೂರ್ತಿ ಕೇಳಿಸಿಕೊಂಡರು.

“ಅವಳು ಸರಿಯಾಗಿ ಬರೆದಿದ್ದಾಳೆ. ಊದಿದ್ದು ಇವರಲ್ಲ,” ಎಂದು ಇಟ್ಟರು.

ಮುಂದಿನದು ಎದುರುಮನೆಯಾಕೆ, ಅದರ ಮುಂದಿನದು ದೂರದ ನಾದಿನಿ. ಅತ್ತೆ ಪ್ರತಿ ಸಲವೂ ಅದೇ ಮಾತನ್ನು, ಅಂಗಡಿಗೆ ಸಾಮಾನಿನ ಪಟ್ಟಿ ಹೇಳುವ ಸ್ವರದಲ್ಲಿ ಹೇಳಿದರು. ನಾದಿನಿಗೆ ಹೇಳುವಾಗ ಸ್ವರ ಒಮ್ಮೆ ಒಡೆಯಿತು, ಕೆಮ್ಮಿ ಸರಿಮಾಡಿಕೊಂಡರು. ಸೊಸೆ ಹತ್ತಿರ ಹೋಗಿ, ಮುಂದಿನ ಫೋನ್ ತಾನು ಎತ್ತುತ್ತೇನೆ ಎಂದಳು. ಅತ್ತೆ ಬೇಡವೆಂದು ಕೈ ಅಡ್ಡ ಹಿಡಿದರು.

ನಾಲ್ಕನೆಯ ಸಲ ಫೋನ್ ಬಡಿದುಕೊಂಡಾಗ ಅವರು ಎತ್ತಿದರು, ಯಾರೆಂದು ಕೇಳಿದರು. ಆಮೇಲೆ ರಿಸೀವರನ್ನು, ತಂತಿ ಬಿಗಿಯುವಷ್ಟು ದೂರ ಎಳೆದು, ಗಂಡನ ಎದೆಯ ಮುಂದೆ ಹಿಡಿದರು.

“ನಿಮ್ಮ ತಮ್ಮ. ನೀವೇ ಹೇಳಿ.”

ಮಾವ ಹೆಂಡತಿಯ ಮುಖ ನೋಡಿದರು. ಅಲ್ಲಿ ಏನೂ ಸಿಗದೆ ರಿಸೀವರ್ ತೆಗೆದುಕೊಂಡರು.

“ಹಲೋ. ಹುಂ. ಇಲ್ಲ, ಅವಳದ್ದೇನೂ ತಪ್ಪಿಲ್ಲ. ನಾನಲ್ಲ ಊದಿದ್ದು,” ಎಂದರು. ಆ ಕಡೆಯಿಂದ ಮತ್ತೆ ಯಾರು ಊದಿದ್ದೆಂದು ಕೇಳಿರಬೇಕು. ಮಾವ ಮುಂದುವರಿಸಿದರು. “ಕುಳ್ಳಗಿದ್ದ. ಕೈಯೆಲ್ಲ ಎಣ್ಣೆ. ಹಿಡಿಯೋ ಮುಂಚೆ ಪ್ಯಾಂಟಿಗೆ ಒರೆಸಿಕೊಂಡ. ಮೊದಲ ಎರಡು ಸಲ ಹೆದರಿ ಉಸಿರು ಬಿಟ್ಟುಬಿಟ್ಟ. ನಾನೇ ಪಕ್ಕದಲ್ಲಿ ನಿಂತು ಬೆರಳಲ್ಲಿ ತಾಳ ಹಾಕಿದೆ...”

ಅತ್ತೆ ಅರ್ಧಚಂದ್ರದ ತುದಿಯಲ್ಲಿದ್ದ ಕುರ್ಚಿಯನ್ನು ಎಳೆದುಕೊಂಡು, ಗಂಡನಿಗೆ ಬೆನ್ನು ಮಾಡಿ, ಆದರೆ ಕೇಳುವಷ್ಟು ಹತ್ತಿರ ಕೂತರು.